ಖಾಲಿ ಚೌಕ

ಗದಗದಿಂದ ವರ್ಗವಾಗಿ ಬಂದ ವರ್ಷ
ನಾಪೋಕ್ಲು ಶಾಲೆಯ ಗೋಡೆಗೆ ಅಕ್ಷರ ಬರೆದೆ.
ಇಂಗ್ಲಿಷಿನ ಎಕ್ಸಿಗೂ ಒಂದು ಚಿತ್ರ ಸಿಕ್ಕಿತು, ಕ್ಸೈಲೋಫೋನ್,
ಅದನ್ನು ನಾನೂ ಕಂಡವಳಲ್ಲ.
ಞ ಮಾತ್ರ ಖಾಲಿ ಚೌಕ.
"ಇದರಿಂದ ಶುರುವಾಗುವ ಪದವಿಲ್ಲ, ಮುಂದೆ ಓದಿ."
ನನ್ನ ಮಾಸ್ತರರೂ ಹಾಗೇ ದಾಟಿಸಿದ್ದರು.

ದೇಚವ್ವ ಬೆರಳೆತ್ತಿದಳು. ಬೆರಳಿಗೆ ಬಟ್ಟೆ ಸುತ್ತಿತ್ತು.
"ಞಂಡ್ ಕಚ್ಚಿತು, ಟೀಚರ್. ಗದ್ದೆ ಬದುವಿನ ತೂತಲ್ಲಿ."
ಏನು ಕಚ್ಚಿತು?
"ಞಂಡ್!" ಇಡೀ ತರಗತಿ,
ಬೆರಳಲ್ಲೇ ಕತ್ತರಿ ಆಡಿಸುತ್ತ.
ನನ್ನ ಬಾಯಲ್ಲಿ ಅದು ನಂಡು, ಮತ್ತೆ ನ್ಯಾಂಡು.
ನಕ್ಕು ನಕ್ಕು ತಿದ್ದಿದರು.

ಸಂಜೆ ಬಣ್ಣ ಕಲಸಿ ಏಡಿ ಬರೆದೆ.
ಜಾಗ ಸಾಲದೆ ಒಂದು ಇಕ್ಕಳ
ಪಕ್ಕದ ಚೌಕದ ಝರಿಗೆ ಇಳಿಯಿತು.

ತಪಾಸಣೆಗೆ ಬಂದವರು ಕೇಳಿದರು, "ಇದು ಕನ್ನಡವಾ?"
ದೇಚವ್ವ ಎದ್ದು
ಬಟ್ಟೆ ಬಿಚ್ಚತೊಡಗಿದಳು.