ಕಾಲಿಂಚು ಇಳಿಜಾರು

ಮುಹರ್ರಕ್‌ನ ಹಳೇ ಗಲ್ಲಿ. ಆಗಸ್ಟಿನ ಮಧ್ಯಾಹ್ನ.
ಗಾಡಿ ಒಳಗೆ ಹೋಗುವುದಿಲ್ಲ; ಹೊಸ ಪೆಟ್ಟಿಗೆಯನ್ನು
ಹೆಗಲ ಮೇಲೇ ತಂದೆವು. ಮುಂದೆ ನಾನು, ಹಿಂದೆ ಪದಮ್,
ಬದಿಯಲ್ಲಿ ಬರೀ ರಸಮಟ್ಟ ಹಿಡಿದು
"ಮೆಲ್ಲ, ಮೆಲ್ಲ" ಎನ್ನುತ್ತ ಹಸನಬ್ಬ.

ಉಮ್ಮ್ ಜಾಸಿಂ ಮಂಚ ಸರಿಸಿಕೊಟ್ಟಳು.
ಅದರ ನೇರಕ್ಕೆ ಚಾವಣಿಯ ಹಲಗೆಯಲ್ಲಿ
ಚಹಾ ಚೆಲ್ಲಿದಂಥ ಕಲೆ, ಅಂಚು ಕಂದು, ನಡುವೆ ತಿಳಿ.
"ಹಳೆಯದು ಸೋರುತ್ತಿತ್ತು" ಅಂದಳು. ಅಷ್ಟೇ.

ಏಣಿ ಹತ್ತಿ ತಲೆ ತೂರಿಸಿದೆ.
ಧೂಳು, ಇಲಿಯ ಹಿಕ್ಕೆ, ಯಾರೋ ಮರೆತ ಸ್ಕ್ರೂಡ್ರೈವರು,
ತುಕ್ಕು ಹಿಡಿದ ನಾಲ್ಕು ಸರಳಿಗೆ ನೇತುಬಿದ್ದ ಯಂತ್ರ.
ಟಾರ್ಚು ಬಿಟ್ಟರೆ ಪಕ್ಕೆಯ ತಗಡಿನ ಮೇಲೆ
ಕಪ್ಪು ಮಾರ್ಕರಿನಲ್ಲಿ, ಯಾರೂ ನೋಡದ ಕಡೆ,
ಒಂದು ಪುಟ್ಟ ಶ್ರೀ.

ನನ್ನದೇ ಅಕ್ಷರ.
ಏಳು ವರ್ಷದ ಹಿಂದೆ, ಇಲ್ಲಿಗೆ ಬಂದ ಮೂರನೇ ತಿಂಗಳು,
ಹಸನಬ್ಬ ಸಿತ್ರಾಗೆ ಹೋಗಿದ್ದ ದಿನ
ಮೊದಲ ಬಾರಿ ನಾನೊಬ್ಬನೇ ತೂಗುಹಾಕಿದ್ದು.
ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಅಪ್ಪ ಬರೆಯುತ್ತಿದ್ದಂತೆ
ಬರೆದಿದ್ದೆ. ತಂಪು ಬಂತು. ಕೈ ತೊಳೆದು ಹೋಗಿದ್ದೆ.

ರಸಮಟ್ಟ ಇಟ್ಟು ನೋಡಿದೆ ಈಗ:
ಗುಳ್ಳೆ ಗೆರೆ ದಾಟಿ ತಪ್ಪು ಕಡೆ ಕೂತಿದೆ.
ಅರ್ಧ ಬೆರಳು. ನೀರಿಗೆ ಅಷ್ಟು ಸಾಕು.

ಹಸನಬ್ಬ ಅವತ್ತೂ ಹೇಳಿದ್ದ, ಇವತ್ತೂ ಹೇಳುತ್ತಾನೆ:
"ತಂಪು ಮಾಡುವುದು ಕಂಪನಿಯ ಕೆಲಸ,
ನೀರು ಕಳಿಸುವುದು ನಮ್ಮದು.
ಅಡಿಗೆ ಕಾಲಿಂಚು ಮಾರಾಯ, ಅಡಿಗೆ ಕಾಲಿಂಚು ಇಳಿಜಾರು.
ಈ ಊರಿಗೆ ಹೊಳೆಯಿಲ್ಲ ಅಂತ ತಿಳಿಯಬೇಡ.
ಬಾಗಿಲು ತೆರೆದಾಗಲೆಲ್ಲ ಕಡಲು ಒಳಗೆ ಬರುತ್ತದೆ,
ಚಪ್ಪಲಿ ಕೂಡ ಬಿಡುವುದಿಲ್ಲ."

ಹೊಸ ಸರಳು, ರಬ್ಬರಿನ ಬಿಲ್ಲೆ, ಜೋಡಿ ನಟ್ಟು.
ಎತ್ತಿ ಹಿಡಿದು ನಿಂತ ಪದಮನ ಮೀನಖಂಡ ನಡುಗುತ್ತಿತ್ತು.
ತಾಮ್ರದ ಬಾಯಿ ಅಗಲಿಸಿ, ಎಣ್ಣೆ ಹನಿಸಿ, ಬಿಗಿದೆ.
ಡಕ್ಟಿನ ಕುತ್ತಿಗೆಗೆ ಬೆಳ್ಳಿಯ ಟೇಪು ಸುತ್ತಿದೆ.
ಪಂಪು ಕೊಳವೆಯೊಳಗಿನ ಉಸಿರನ್ನು
ಮುಕ್ಕಾಲು ಗಂಟೆ ಹೀರಿತು.
ಆ ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ.

ನೀರು ಹೊಯ್ದು ನೋಡಬೇಕು, ಏನಾದರೂ ಕೊಡಿ ಎಂದರೆ
ಕೊಕ್ಕಿನ ಹಿತ್ತಾಳೆ ಕಾಫಿ ದಲ್ಲಾ ತುಂಬಿ ತಂದಳು.
ಹೊಯ್ದೆ. ಎಣಿಸಿದೆ.
ಒಂಬತ್ತಕ್ಕೆ ಅಂಗಳದಿಂದ ಪದಮ್ ಅವನ ಭಾಷೆಯಲ್ಲಿ
"ಆಯೋ! ಆಯೋ!" ಎಂದು ಕೂಗಿದ.
ಚರಂಡಿಗೆ ಇಳಿದ ನೀರು ಏಲಕ್ಕಿ ನಾರುತ್ತಿತ್ತಂತೆ.

ಕತ್ತರಿಸಿ ತೆಗೆದ ಕಲೆಯ ಹಲಗೆಯನ್ನು
ಕಸದ ಚೀಲಕ್ಕೆ ತುರುಕಲು ಹೋದೆ. "ಲಾ" ಅಂದಳು.
ಮತ್ತೆ ಏನೇನೋ, ಉದ್ದಕ್ಕೆ.
ಹಸನಬ್ಬನ ಅರಬ್ಬಿ ನನ್ನದಕ್ಕಿಂತ ಹಳೆಯದು; ಬಿಡಿಸಿ ಹೇಳಿದ:

ಅವಳ ಗಂಡ ಹನ್ನೊಂದು ತಿಂಗಳು ಈ ಮಂಚದಲ್ಲಿ ಅಂಗಾತ.
ಮುತ್ತಿನ ದೋಣಿಯವರ ಮೊಮ್ಮಗ.
ಕಲೆಯತ್ತ ಬೆರಳು ಚಾಚಿ, ಇದು ಮರಳ ದಿಬ್ಬ, ಇದು ಆಳ,
ಇಲ್ಲಿ ಕಡಲಡಿಯಲ್ಲಿ ಸಿಹಿನೀರಿನ ಬುಗ್ಗೆ
ಎಂದು ತೋರಿಸುತ್ತಿದ್ದ.
ಅಂಚು ಹಿಗ್ಗಿದ ದಿನ, ಭರತ ಬಂತು ಅನ್ನುತ್ತಿದ್ದ.
ಉಸಿರಿರುವ ತನಕ ರಿಪೇರಿಯವರನ್ನು ಕರೆಯಗೊಡಲಿಲ್ಲ.

ನಾನು ಹೇಳಲಿಲ್ಲ.
ಹೇಳಬೇಕಿತ್ತೇನೋ. ಅರಬ್ಬಿಯಲ್ಲಿ ನನಗೆ ಬರುವುದು
ನೀರು, ಪೈಪು, ನಾಳೆ, ಖಲಾಸ್.
ಪಡಸಾಲೆಯಲ್ಲಿ ಹಳೇ ಯಂತ್ರ ಹೊರಳಿಸಿದ ಹಸನಬ್ಬ
ಶ್ರೀ ನೋಡಿದ. ಓದಲು ಬರುತ್ತದೆ ಅವನಿಗೆ,
ಬಜ್ಪೆಯಲ್ಲಿ ಆರನೇ ಕ್ಲಾಸು.
ನನ್ನ ಮುಖ ನೋಡಿದ. ಹೆಗಲ ಬೈರಾಸನ್ನು
ಅದರ ಮೇಲೆ ಹಾಸಿ, "ಎತ್ತು" ಅಂದ.

ಹೊಸದರ ಪಕ್ಕೆಗೆ ಏನೂ ಬರೆಯಲಿಲ್ಲ.
ರಸಮಟ್ಟ ಇನ್ನೊಮ್ಮೆ ಇಟ್ಟೆ. ಮತ್ತೊಮ್ಮೆ.
ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟು ಈಚೆ,
ಇರಬೇಕಾದಲ್ಲಿ.

ಸ್ವಿಚ್ಚು ಅವಳೇ ಹಾಕಿದಳು.
ಮೊದಲ ಗಾಳಿಗೆ, ಗೋಡೆಗೆ ಒರಗಿಸಿದ ಹಲಗೆಯಿಂದ
ಒಂದಿಷ್ಟು ಬಿಳಿ ಪುಡಿ ಉದುರಿತು.
ಅವಳು ಬಗ್ಗಿ ಅದನ್ನು
ಮಂಚದ ತಲೆಯ ಕಡೆಗೆ ತಿರುಗಿಸಿಟ್ಟಳು.