ಮೂರನೇ ಎಕ್ಸಿಟ್

ಹೆಸರು ಹಿಡಿದು ಕರೆಯಿರಿ, ಎಂದಳು ಡಾಕ್ಟರಮ್ಮ,
ಪ್ರತಿ ಸಲ, ಸ್ಪಷ್ಟವಾಗಿ.
ಹದಿನಾಲ್ಕು ವರ್ಷ ‘ಹ್ವಾಯ್’ ಎಂದಷ್ಟೇ ಕರೆದವಳು
ಅಜ್ಮಾನಿನ ಆಸ್ಪತ್ರೆಯಲ್ಲಿ, ಪರದೆ ಎಳೆದ ಮಂಚದ ಪಕ್ಕ,
ಮೊದಲ ಬಾರಿ ಗಂಡನ ಹೆಸರು ಹೇಳಿದೆ:
ಭುಜಂಗ.
ಆಚೆ ಮಂಚದ ಮುದುಕ ಎದ್ದು ನೋಡಿದ.
ಇವರು ನೋಡಲಿಲ್ಲ.

ಈ ಊರಿನ ಗೋಡೆಗಳಿಗೆ ನಂಬರು ಬರುವ ಮೊದಲೇ
ನೀರಿನ ಕ್ಯಾನಿನ ವ್ಯಾನು ಓಡಿಸಿದವರು.
ಹಳದಿ ಮಸೀದಿ ದಾಟಿ, ಇರಾನಿ ರೊಟ್ಟಿಯಂಗಡಿಯ ಹಿಂದೆ,
ಬೂದು ಬೆಕ್ಕು ಮಲಗುವ ಕಾಂಪೌಂಡಿನ ಎದುರು ಗೇಟು:
ರಾಶಿದಿಯಾ ನುಐಮಿಯಾ ಅಷ್ಟೂ
ಚೀಟಿಯಿಲ್ಲದೆ ತಲೆಯೊಳಗಿತ್ತು.
ಆ ತಲೆಯೇ ಕಂಬಿಗೆ ಬಡಿಯಿತು, ಆಗಸ್ಟಿನ ಒಂದು ಮಧ್ಯಾಹ್ನ.
ರಸ್ತೆಯಿಡೀ ಚೆಲ್ಲಿದ ನೀರು
ಹತ್ತೇ ನಿಮಿಷದಲ್ಲಿ ಆರಿಹೋಯಿತಂತೆ.

ಹೊರಗೆ ಎರಡೇ ಹೊಲಿಗೆ.
ಒಳಗೆ, ಹಣೆಯ ಹಿಂದೆ, ಸ್ಕ್ಯಾನಿನಲ್ಲೊಂದು ಮಸುಕು,
ಲೋಟ ಇಟ್ಟು ಎತ್ತಿದ ಕಲೆಯಷ್ಟು.

ಜೀವ ಉಳಿಯಿತಲ್ಲ, ಪುಣ್ಯ, ಎಂದರು ಬಂದವರೆಲ್ಲ,
ಸೇಬು ತಂದರು, ಸೇಬು ಇಟ್ಟು ಹೋದರು.
ಉಳಿದದ್ದು ಜೀವ, ಹೌದು. ಯಾರದ್ದು?
ಬಂಗುಡೆಯ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕುತ್ತಿದ್ದವರು
ಉಪ್ಪು ಕಮ್ಮಿಯೆಂದು ಅದೇ ತಟ್ಟೆಯನ್ನು ಗೋಡೆಗೆಸೆಯುತ್ತಾರೆ,
ಆಮೇಲೆ ಇಳಿಯುವ ಸಾರನ್ನೇ ನೋಡುತ್ತ
‘ಯಾರು ಮಾಡಿದ್ದು?’ ಎಂದು ನಿಜವಾಗಿಯೂ ಕೇಳುತ್ತಾರೆ.
ನಾನೇ, ಎನ್ನುತ್ತೇನೆ.
ಜಗಳಕ್ಕೆ ಇಬ್ಬರು ಬೇಕಲ್ಲ.

ವಾರಕ್ಕೊಮ್ಮೆ ಗಂಗೊಳ್ಳಿಯಿಂದ ಅತ್ತೆಯ ಫೋನು.
ಆ ಐದು ನಿಮಿಷ ಇವರು ಎಂದಿನ ಇವರೇ,
ಊಟ ಆಯಿತು, ಮಳೆ ಬಂತಾ, ಭೂತಾಯಿ ರೇಟೆಷ್ಟು.
‘ಅಂವ ಸಮಾ ಇದ್ದ, ನೀನೇ ಸುಮ್ನೆ ಹೆದ್ರ್ಕಂತೆ.’
ಫೋನು ಇಟ್ಟ ಮೇಲೆ ಎರಡು ದಿನ
ಕತ್ತಲೆ ಕೋಣೆಯಲ್ಲಿ ತಲೆ ಹಿಡಿದು ಮಲಗಿರುತ್ತಾರೆ.
ಆ ಎರಡು ದಿನ ಗಂಗೊಳ್ಳಿಗೆ ಕೇಳಿಸುವುದಿಲ್ಲ.

ನನ್ನನ್ನೀಗ ಮೇಡಂ ಎನ್ನುತ್ತಾರೆ.
ಗಿರಾಕಿಗಳ ಹಿಂದಿಯಲ್ಲಿ, ಬಲು ಮರ್ಯಾದೆಯಿಂದ,
‘ಮೇಡಂ, ಲೊಕೇಶನ್ ಭೇಜೋ.’
ಒಮ್ಮೆ ನಗು ಬಂತು. ನಕ್ಕೆ. ಇವರೂ ನಕ್ಕರು.
ಕುತ್ತಿಗೆಯಲ್ಲಿ ತಾಳಿ ಇದೆ, ಕಟ್ಟಿದ ಕೈ ಇದೆ,
ಆ ಕೈಗೆ ಅಂಗಿಯ ಗುಂಡಿ ಹಾಕಲು ನೆನಪಿಲ್ಲ.
ಹಾಕುತ್ತೇನೆ, ಕೆಳಗಿನಿಂದ ಮೇಲಕ್ಕೆ,
ಗಲ್ಲದ ಹತ್ತಿರ ಬಂದಾಗ ಅದೇ ಹಳೆಯ ವಾಸನೆ.

ಒಂದು ಗುರುವಾರ ಹೊರಗಿನಿಂದ ಬೀಗ ಹಾಕಿ
ಸೂಪರ್ ಮಾರ್ಕೆಟ್ಟಿನ ಫ್ರೀಜರಿನೊಳಗೆ ಎರಡೂ ಕೈ ಇಟ್ಟು ನಿಂತೆ.
ಕೈ ಮರಗಟ್ಟಿದ ಮೇಲೆ ಫೋನು ತೆಗೆದು
ಮಂಗಳೂರಿಗೆ ಒಂದು ಟಿಕೆಟ್ಟಿನ ಬೆಲೆ ನೋಡಿದೆ.
ಒಂದರದ್ದು.
ನೋಡಿದೆ, ಅಷ್ಟೇ. ಬಟಾಣಿ ತೆಗೆದುಕೊಂಡು ಬಂದೆ.

ನಾಲ್ಕನೇ ಟೆಸ್ಟಿಗೆ ಲೈಸೆನ್ಸು ಸಿಕ್ಕಿತು.
ಶಾಲೆಯ ಫೀಸು ಕೌಂಟರಿನಲ್ಲಿ ಎಣಿಸಿ ಉಳಿಸಿದ್ದಕ್ಕೆ ಹಳೇ ನಿಸ್ಸಾನು.
ಥೆರಪಿಗೆ ಹೊರಟ ಮೊದಲ ದಿನವೇ ದಾರಿ ತಪ್ಪಿದೆ,
ರೌಂಡಬೌಟು ಸುತ್ತಿದೆ, ಮತ್ತೆ ಸುತ್ತಿದೆ, ಬೆವರಿದೆ.
ಪಕ್ಕದಲ್ಲಿ ಗಾಜಿಗೆ ಹಣೆ ಒತ್ತಿ ಕುಳಿತವರು
ತಿರುಗದೆ ಹೇಳಿದರು:
‘ಮೂರನೇ ಎಕ್ಸಿಟ್. ಗುಂಡಿ ಇದೆ, ನಿಧಾನ.’
ಗುಂಡಿ ಇತ್ತು.

ನೇರ, ಎಡ, ಔಷಧಿ ಅಂಗಡಿ ಕಳೆದು ಬಲ,
ನಿಂತದ್ದು ಆಸ್ಪತ್ರೆಯ ಮುಂದಲ್ಲ,
ತುಕ್ಕು ಹಿಡಿದ ಯಾರದ್ದೋ ಹಸಿರು ಗೇಟು.
ನನ್ನ ನೀರಿನ ಬಾಟಲಿ ಎತ್ತಿಕೊಂಡು ಇಳಿದರು,
ಹೆಗಲು ಒಂದು ಕಡೆ ವಾಲಿಸಿ, ಇಪ್ಪತ್ತು ಲೀಟರ್ ಹೊತ್ತವರ ಹಾಗೆ,
ಗೇಟಿನ ನೆರಳಲ್ಲಿ ಇಟ್ಟು, ಖಾಲಿ ಕ್ಯಾನು ಹುಡುಕಿದರು.
ಸಿಗಲಿಲ್ಲ. ಬಂದು ಕುಳಿತರು.

ಮುಂದೆ, ಭುಜಂಗ? ಎಂದೆ.
ಎಡಕ್ಕೆ, ಎಂದರು, ಬಲಕ್ಕೆ ಕೈ ತೋರಿಸುತ್ತ.
ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು.
ಹಿಂದಿನವನು ಹಾರ್ನ್ ಹೊಡೆದ. ಹೊಡೆಯಲಿ.