ತುಟಿಯಿಲ್ಲದ್ದು

ಫೆಬ್ರವರಿ. ನೀರಿನ ಮೈ ಐವತ್ತೊಂದು ಡಿಗ್ರಿ.
ದೋಣಿ ನನ್ನದು, ಎಂಜಿನ್ನು ನನ್ನದು, ಪೆಟ್ರೋಲೂ ನನ್ನದೇ.
ಮೀನು ಎಲ್ಲಿದೆಯೆಂಬ ವಿದ್ಯೆ ಮಾತ್ರ
ಎದುರು ಕೂತ ಒಲೀಟಾಳದು.

ಸಬೀನ್ ನದಿಗೆ ಅಡ್ಡ ಕಟ್ಟಿದ ಈ ನೀರಿಗೆ
ಆ ದಡ ಲೂಸಿಯಾನ, ಈ ದಡ ಟೆಕ್ಸಸ್.
ನಡುವೆ, ಮುಳುಗಿಯೂ ಬೀಳದೆ ನಿಂತ
ಬೂದು ಬಣ್ಣದ ಮರದ ಮೋಟುಗಳು.

ಇಪ್ಪತ್ತೊಂಬತ್ತು ವರ್ಷ ಪ್ಲೈವುಡ್ ಮಿಲ್ಲಿನಲ್ಲಿ
ತೊಗಟೆ ಸುಲಿಯುವ ಯಂತ್ರದ ಪಕ್ಕ ನಿಂತವಳು.
ಯಂತ್ರ ಮೊದಲು ಮರವನ್ನು ಸುಲಿಯಿತು,
ಆಮೇಲೆ ಅವಳ ಕಿವಿಯನ್ನು.
ಈಗ ಗುಡುಗಿದರೆ ನನ್ನ ಮುಖ ನೋಡುತ್ತಾಳೆ,
ಹೌದಾ ಎಂದು.

ಡಬ್ಬಿ ತೆರೆದಳು. ಸಾಲಾಗಿ ಮಲಗಿದ ಪ್ಲಾಸ್ಟಿಕ್ ಮೀನು.
ಬೇರೆ ಹುಸಿಮೀನಿಗೆ ಮೂತಿಯ ಕೆಳಗೊಂದು ತುಟಿಯುಂಟು,
ನೀರನ್ನು ಒತ್ತಿ ಆಳಕ್ಕಿಳಿಯಲು.
ಇವಕ್ಕಿಲ್ಲ. ಚಪ್ಪಟೆ ಮೈ, ಬೆನ್ನ ಮೇಲೊಂದು ಕೊಂಡಿ,
ಮೂರು ಮೊನೆಯ ಗಾಳ ಎರಡು,
ಹೊಟ್ಟೆಯೊಳಗೆ ಉಕ್ಕಿನ ಗುಂಡು.
ತುಟಿಯಿಲ್ಲ, ಆದರೂ ಬಾಯಿಬಡುಕಿ:
ಅಲ್ಲಾಡಿಸಿದರೆ ಗಲಗಲಗಲ, ತೊಟ್ಟಿಲ ಗಿಲಕಿಯ ಹಾಗೆ.

ಒಂದೊಂದನ್ನೂ ಗಲ್ಲದ ಮೂಳೆಗೆ ಒತ್ತಿ
ಅಲ್ಲಾಡಿಸಿ ನೋಡಿದಳು.
'ಇದು ಕೀರಲು. ಇದು ತೀರಾ ವಾಚಾಳಿ.
ಇದಕ್ಕೆ ಒಂದೇ ಗುಂಡು, ದಪ್ಪ ದನಿ. ಇವತ್ತಿಗೆ ಇದು.'
ಕೆಸರಿಂದ ಈಗಷ್ಟೇ ಎದ್ದ ಸಿಗಡಿಯ ಕೆಂಪು,
ಒಂದು ಮಗ್ಗುಲಲ್ಲಿ ಬಣ್ಣ ಹಾರಿದೆ.
'ಹೊಸದಕ್ಕೆ ಮೀನು ಮರ್ಯಾದೆ ಕೊಡಲ್ಲ,' ಎಂದಳು
ಬೇಕಾದ್ದಕ್ಕಿಂತ ಗಟ್ಟಿಯಾಗಿ.
ಕೊಕ್ಕರೆಯೊಂದು ಹಾರಿ ಹೋಗಿ ಆಚೆ ಮೋಟಿನ ಮೇಲೆ ಕೂತಿತು.

ಬೀಸಿದಳು. ಬೆರಳಲ್ಲಿ ಎಣಿಸಿದಳು, ನಾಲ್ಕರ ತನಕ.
ಏಳಡಿ ಕೆಳಗೆ ಹೋದ ವರ್ಷದ ನೀರುಕಳೆ,
ಚಳಿಗಾಲ ತಿಂದು ಬಿಟ್ಟ ಹಸಿರು.

ನನ್ನದೂ ಅದೇ ಬಣ್ಣ, ಅದೇ ಅರ್ಧ ಔನ್ಸು.
ನಾನು ಎಳೆದೆ, ನೇರ, ಬಸ್ಸು ತಪ್ಪಿಹೋಗುವವನ ಹಾಗೆ.
ಮೂರು ಸಲ ಎಳೆದು ಮೂರು ಸಲವೂ
ಮುದ್ದೆ ಮುದ್ದೆ ಕಳೆ ತಂದೆ.
ಒಲೀಟಾ ನಗಲಿಲ್ಲ. 'ಸಲಾಡು,' ಎಂದಳು, ಅಷ್ಟೆ.

ಅವಳದ್ದು ಬೇರೆ. ಸಿಕ್ಕಿಕೊಳ್ಳಲು ಬಿಡುತ್ತಾಳೆ,
ಬೇಕೆಂದೇ, ಕಳೆಯ ಜುಟ್ಟಿಗೆ ಗಾಳ ತಗಲುವ ತನಕ.
ಆಮೇಲೆ ಸುಮ್ಮನಿರುತ್ತಾಳೆ. ಗಿಲಕಿಯೂ ಸುಮ್ಮನೆ.
ಆಮೇಲೆ ಮೊಣಕೈಯಿಂದ ಒಂದೇ ಜಗ್ಗು.
'ಸಿಕ್ಕಿಕೊಂಡಿದ್ದು ಕಿತ್ತುಕೊಂಡು ಓಡುತ್ತಲ್ಲ,
ಅದನ್ನು ಕಂಡರೆ ಇದಕ್ಕೆ ಸಹಿಸಲಾಗಲ್ಲ.
ಹಸಿವಲ್ಲ ಅದು, ಸಿಟ್ಟು.
ನಮ್ಮ ಫೋರ್‌ಮನ್ನೂ ಹಾಗೇ ಇದ್ದ.'

ಹತ್ತೂಕಾಲಿಗೆ ಅವಳ ಕೋಲು ನಿಂತುಹೋಯಿತು.
ಬಾಗಿತು ಅನ್ನಲಾರೆ. ನಿಂತಿತು, ಗೋಡೆಗೆ ತಾಗಿದ ಹಾಗೆ.
ಆಮೇಲೆ ಗೋಡೆ ನಡೆಯತೊಡಗಿತು.

ನೀರೊಡೆದು ಎದ್ದಿತು ಬಾಸ್ ಮೀನು,
ಎಂಟು ಪೌಂಡಿಗೆ ಕಮ್ಮಿಯಿಲ್ಲ, ಬಕೆಟ್ಟಿನಷ್ಟು ಬಾಯಿ.
ಆ ಕಡೆ ಈ ಕಡೆ ತಲೆ ಒದರಿದಾಗ
ಬಾಯೊಳಗಿನ ಗಿಲಕಿ ನೀರಿನುದ್ದಕ್ಕೂ ಕೇಳಿತು,
ನನಗೆ, ಕೊಕ್ಕರೆಗೆ, ಇಡೀ ಲೂಸಿಯಾನಕ್ಕೆ,
ಅವಳೊಬ್ಬಳನ್ನು ಬಿಟ್ಟು.

ಉಗಿದುಬಿಟ್ಟಿತು,
ಗಾಳದ ತೂಕವನ್ನೇ ಕವಣೆ ಮಾಡಿಕೊಂಡು.
ಕೆಂಪು ತುಂಡು ಗಾಳಿಯಲ್ಲಿ ತಿರುತಿರುಗಿ ಬಂದು
ದೋಣಿಯ ಅಲ್ಯೂಮಿನಿಯಂ ತಳಕ್ಕೆ ಬಿದ್ದು ಕುಣಿಯಿತು,
ಗಲಗಲ. ಗಲ. ಗಲ.

ಒಲೀಟಾ ತನ್ನ ಬೂಟುಗಳನ್ನು ನೋಡಿಕೊಂಡಳು.
ತಳದಿಂದ ಅಂಗಾಲಿಗೆ ಏನೋ ಹತ್ತಿತ್ತು.
'ಬೈತಾ ಇದೆ,' ಎಂದಳು, ಖುಷಿಯಲ್ಲಿ.
ಗಾಳದಿಂದ ಒಂದೆಳೆ ಹಸಿರು ಬಿಡಿಸಿದಳು,
ಹೊಸ ಗೀರನ್ನು ಹೆಬ್ಬೆರಳಲ್ಲಿ ಸವರಿದಳು,
ಮತ್ತೆ ಬೀಸಿದಳು.

ಟೆಕ್ಸಸ್ ಕಡೆಯಿಂದ, ದೂರದಲ್ಲಿ, ಗುಡುಗಿತು.
ಎಂಜಿನ್ನಿನ ಮೇಲೆ ನನ್ನ ಕೈ ಹೋಗಿತ್ತು.
ಅವಳು ತಿರುಗಿ ನನ್ನ ಮುಖ ನೋಡಿದಳು.

ಇಲ್ಲ, ಎಂದು ತಲೆಯಾಡಿಸಿದೆ.